ಎಲ್ಲರೂ ಮಾಡುವುದು, ಎಲ್ಲರಿಗೂ ಸಲ್ಲುವುದು

ಬೆಂಕಿ ಗ್ರೀಸಿನಲ್ಲಿ ಸುಡುವಂತೆಯೇ ಪರ್ಷಿಯಾದಲ್ಲಿಯೂ ಸುಡುತ್ತದೆ. ಆದರೆ ನ್ಯಾಯವೆಂದು ಜನ ಒಪ್ಪಿಕೊಂಡದ್ದು ಮಾತ್ರ ನಾಡಿನಿಂದ ನಾಡಿಗೆ ಬೇರೆಯಾಗುತ್ತದೆ. ಆದುದರಿಂದ ನಿಸರ್ಗಸಿದ್ಧವಾದ ನ್ಯಾಯವೆಂಬುದೇ ಇಲ್ಲ, ಇರುವುದೆಲ್ಲ ಮನುಷ್ಯರು ಮಾಡಿಕೊಂಡ ಕಟ್ಟಳೆ ಎಂದು ವಾದಿಸುವವರು ಅರಿಸ್ಟಾಟಲನ ಕಾಲದಲ್ಲಿಯೇ ಇದ್ದರು. ಅವರ ವಾದವನ್ನು ಆತ ತನ್ನ ನೀತಿಶಾಸ್ತ್ರದಲ್ಲಿ ಎತ್ತಿಕೊಂಡು, ಅದು ಪೂರ್ಣ ಸತ್ಯವಲ್ಲವೆಂದು ಉತ್ತರಿಸಿದ್ದಾನೆ.

ಗಡಿಸೀಮೆಯಲ್ಲಿ ಬಾಳುವ ನಮಗೆ ಈ ವಾದವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕಲಕೋಟೆಯಿಂದ ಆಳಂದದ ಕಡೆಗೆ ಹೊರಟರೆ ಮಣ್ಣು ಅದೇ ಕರಿಮಣ್ಣು, ಬೆಳೆ ಅದೇ ಜೋಳ, ಹೊಲದ ಬದುವಿನಲ್ಲಿ ಕೇಳುವ ಮಾತು ಅದೇ ಕನ್ನಡ. ಆದರೆ ನಡುವೆ ಎಲ್ಲಿಯೋ ಒಂದು ಗೆರೆ ಹಾದುಹೋಗಿದೆ. ಗೆರೆಯ ಆಚೆ ಪಹಣಿ ಎನ್ನಿಸಿಕೊಳ್ಳುವ ಕಾಗದ ಈಚೆ ಸಾತಬಾರಾ ಆಗುತ್ತದೆ. ಕಚೇರಿಯ ಭಾಷೆ ಬದಲಾಗುತ್ತದೆ. ಮಗುವಿನ ಪಠ್ಯಪುಸ್ತಕ ಬದಲಾಗುತ್ತದೆ. ಹಾಗಿದ್ದರೆ, ಗೆರೆ ದಾಟಿದೊಡನೆ ಬದಲಾಗುವುದು ಯಾವುದು, ದಾಟಿದರೂ ಬದಲಾಗದೆ ಉಳಿಯುವುದು ಯಾವುದು? ಆಳುವವರು ಕೊಟ್ಟದ್ದರಿಂದ ನಮ್ಮದಾದದ್ದು ಎಷ್ಟು, ಯಾರೂ ಕೊಡದೆಯೇ ನಮ್ಮದಾಗಿರುವುದು ಎಷ್ಟು?

ಈ ಪ್ರಶ್ನೆಯನ್ನು ಬಹುಕಾಲ, ಬಹು ತಾಳ್ಮೆಯಿಂದ ಶೋಧಿಸಿದವರಲ್ಲಿ ಮಧ್ಯಯುಗದ ಯುರೋಪಿನ ವಿದ್ಯಾಪೀಠಗಳ ಪಂಡಿತರು ಮುಖ್ಯರು. ಸ್ಕೊಲಾಸ್ಟಿಕರೆಂದು ಅವರನ್ನು ಕರೆಯುವುದು ವಾಡಿಕೆ. ಕೂದಲು ಸೀಳುವ ತರ್ಕಕ್ಕೆ ಅವರ ಹೆಸರು ಗಾದೆಯಂತಾಗಿದೆ. ಆದರೆ ನಿಸರ್ಗನ್ಯಾಯ ಮತ್ತು ಜನಾಂಗನ್ಯಾಯ ಎಂಬ ಎರಡನ್ನು ಅವರು ಸೀಳಿ ನೋಡಿದ ಬಗೆಯಲ್ಲಿ ಕೋಟ್ಯಂತರ ಮನುಷ್ಯರ ಬಿಡುಗಡೆಯ ಮತ್ತು ಬಂಧನದ ಪ್ರಶ್ನೆ ಅಡಗಿತ್ತು. ಅವರು ಎಲ್ಲಿ ಗೆದ್ದರು, ಎಲ್ಲಿ ಸೋತರು ಎಂಬುದನ್ನು ಈ ಲೇಖನದಲ್ಲಿ ನೋಡಲು ಯತ್ನಿಸುತ್ತೇವೆ. ಅವರ ಗೆಲುವಿಗಿಂತ ಸೋಲೇ ನಮಗೆ ಹೆಚ್ಚು ಪಾಠ ಕಲಿಸೀತೆಂದು ನಮ್ಮ ಎಣಿಕೆ.

ಪಂಡಿತರಿಗೆ ಈ ಎರಡು ಹೆಸರುಗಳೂ ರೋಮಿನಿಂದ ಬಂದ ಬಳುವಳಿ. ಕ್ರಿ.ಶ. 2ನೆಯ ಶತಮಾನದ ನ್ಯಾಯಶಾಸ್ತ್ರಜ್ಞ ಗಾಯಸ್ ನ್ಯಾಯವನ್ನು ಎರಡಾಗಿ ವಿಭಾಗಿಸಿದ. ಒಂದು ನಗರದವರು ತಮಗಾಗಿ ಮಾಡಿಕೊಂಡದ್ದು ಪೌರನ್ಯಾಯ. ಸಹಜವಾದ ವಿವೇಕದಿಂದ ಎಲ್ಲ ಜನಾಂಗಗಳಲ್ಲೂ ಸಮಾನವಾಗಿ ನಡೆದುಬಂದದ್ದು ಜನಾಂಗನ್ಯಾಯ. ರೋಮಿನ ಪ್ರಜೆಗಳಲ್ಲದ ಪರದೇಶಿಗಳೊಡನೆ ಕೊಡುಕೊಳ್ಳುವ ವ್ಯವಹಾರಕ್ಕೆ ಈ ಎರಡನೆಯದು ಅಗತ್ಯವಾಗಿತ್ತು. ಮುಂದೆ ಉಲ್ಪಿಯನ್ ಎಂಬವನು ಮೂರನೆಯದನ್ನು ಬೇರ್ಪಡಿಸಿದ. ಮನುಷ್ಯನಿಗೆ ಮಾತ್ರವಲ್ಲದೆ ಎಲ್ಲ ಜೀವಿಗಳಿಗೂ ಪ್ರಕೃತಿಯೇ ಕಲಿಸಿದ್ದು ನಿಸರ್ಗನ್ಯಾಯ: ಗಂಡುಹೆಣ್ಣುಗಳ ಕೂಡುವಿಕೆ, ಮರಿಗಳ ಪಾಲನೆ ಮೊದಲಾದವು. ಕ್ರಿ.ಶ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರಡಿಸಿದ ಸಂಹಿತೆಗಳಲ್ಲಿ ಈ ಎರಡು ವಿಭಾಗಕ್ರಮಗಳೂ ಅಕ್ಕಪಕ್ಕದಲ್ಲಿಯೇ ಉಳಿದುಕೊಂಡವು.

ಅದೇ ಸಂಹಿತೆಯಲ್ಲಿ ಹರ್ಮೊಜೀನಿಯನ್ ಎಂಬ ಇನ್ನೊಬ್ಬ ಶಾಸ್ತ್ರಜ್ಞನ ಮಾತೊಂದು ಸೇರಿದೆ. ಜನಾಂಗನ್ಯಾಯದಿಂದ ಹುಟ್ಟಿದವುಗಳ ಪಟ್ಟಿ ಅದು: ಯುದ್ಧಗಳು, ಜನಾಂಗಗಳ ಬೇರ್ಪಡೆ, ರಾಜ್ಯಗಳ ಸ್ಥಾಪನೆ, ಆಸ್ತಿಯ ವಿಂಗಡಣೆ, ಹೊಲಗಳಿಗೆ ನೆಟ್ಟ ಎಲ್ಲೆಕಲ್ಲುಗಳು, ವ್ಯಾಪಾರ, ಕರಾರುಗಳು. 7ನೆಯ ಶತಮಾನದ ಆರಂಭದಲ್ಲಿ ಸೆವಿಲ್ಲಿನ ಬಿಷಪ್ ಇಸಿಡೋರ್ ತನ್ನ ಮಹಾಕೋಶದಲ್ಲಿ ಇಂತಹುದೇ ಪಟ್ಟಿಯನ್ನು ಕೊಟ್ಟ. ಅದರಲ್ಲಿ ಕೋಟೆಗಳಿವೆ, ಸೆರೆಯಿದೆ, ದಾಸ್ಯವಿದೆ, ಶಾಂತಿಯ ಒಪ್ಪಂದಗಳಿವೆ, ರಾಯಭಾರಿಗೆ ಕೇಡು ಮಾಡಬಾರದೆಂಬ ಕಟ್ಟಳೆಯಿದೆ, ಪರಕೀಯರೊಡನೆ ವಿವಾಹ ಸಲ್ಲದೆಂಬ ನಿಷೇಧವೂ ಇದೆ. ನಿಸರ್ಗನ್ಯಾಯಕ್ಕೆ ಅವನು ಕೊಟ್ಟ ಪಟ್ಟಿಯೇ ಬೇರೆ: ಎಲ್ಲವೂ ಎಲ್ಲರಿಗೂ ಸೇರಿದ್ದು, ಎಲ್ಲರೂ ಸ್ವತಂತ್ರರು, ಇಟ್ಟ ಒತ್ತೆಯನ್ನು ಹಿಂದಿರುಗಿಸುವುದು, ಬಲಾತ್ಕಾರವನ್ನು ಬಲದಿಂದ ತಡೆಯುವುದು.

ಈ ಎರಡು ಪಟ್ಟಿಗಳನ್ನು ಎದುರುಬದುರಾಗಿ ಇಟ್ಟು ನೋಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ರಾಯಭಾರಿಯ ರಕ್ಷಣೆ ಮತ್ತು ಮನುಷ್ಯರ ದಾಸ್ಯ ಒಂದೇ ಬುಟ್ಟಿಯಲ್ಲಿವೆ. ಎರಡಕ್ಕೂ ಇರುವ ಆಧಾರ ಒಂದೇ: ಎಲ್ಲ ಜನಾಂಗಗಳೂ ಹೀಗೆ ನಡೆದುಕೊಳ್ಳುತ್ತವೆ. ದಾಸ್ಯವೆಂಬುದು ನಿಸರ್ಗಕ್ಕೆ ವಿರುದ್ಧವಾಗಿ ಒಬ್ಬನನ್ನು ಇನ್ನೊಬ್ಬನ ಒಡೆತನಕ್ಕೆ ಒಳಪಡಿಸುವ ಜನಾಂಗನ್ಯಾಯದ ಏರ್ಪಾಡು ಎಂದೇ ರೋಮನ್ ಸಂಹಿತೆ ಲಕ್ಷಣ ಹೇಳಿತ್ತು. ನಿಸರ್ಗಕ್ಕೆ ವಿರುದ್ಧವೆಂದು ಒಪ್ಪಿಕೊಂಡೇ ಅದನ್ನು ನ್ಯಾಯವೆಂದು ಕರೆಯಿತು. ಈ ವಿರೋಧ ಯಾರ ನಿದ್ದೆಯನ್ನೂ ಕೆಡಿಸದೆ ಶತಮಾನಗಳ ಕಾಲ ಪುಸ್ತಕಗಳಲ್ಲಿ ಮಲಗಿತ್ತು.

ಅದನ್ನು ಎಬ್ಬಿಸಿದವನು ಬೊಲೋನ್ಯದ ಗ್ರೇಷಿಯನ್. ಸುಮಾರು 1140ರಲ್ಲಿ ಆತ ಚರ್ಚಿನ ಪರಸ್ಪರ ವಿರುದ್ಧವಾದ ಕಟ್ಟಳೆಗಳನ್ನೆಲ್ಲ ಒಟ್ಟುಗೂಡಿಸಿ ಸಮನ್ವಯಗೊಳಿಸಲು ಹೊರಟ. ತನಗೆ ಬೇಕೆಂದು ಬಯಸಿದ್ದನ್ನು ಪರರಿಗೂ ಮಾಡುವುದು, ಬೇಡವಾದುದನ್ನು ಮಾಡದಿರುವುದು ಎಂಬ ವಿಧಿಯನ್ನೇ ಆತ ನಿಸರ್ಗನ್ಯಾಯವೆಂದು ಗ್ರಂಥದ ಮೊದಲಲ್ಲಿ ಇಟ್ಟ. ಇಸಿಡೋರನ ಪಟ್ಟಿಗಳನ್ನೂ ಸೇರಿಸಿದ. ಪ್ರಾಚೀನತೆಯಲ್ಲಿಯೂ ಘನತೆಯಲ್ಲಿಯೂ ನಿಸರ್ಗನ್ಯಾಯವೇ ಹಿರಿದು. ಅದಕ್ಕೆ ವಿರುದ್ಧವಾದ ರೂಢಿಯಾಗಲಿ ಶಾಸನವಾಗಲಿ ನಿಲ್ಲದು ಎಂದು ತೀರ್ಮಾನಿಸಿದ. ಒಡನೆಯೇ ಪ್ರಶ್ನೆ ಎದ್ದಿತು. ನಿಸರ್ಗನ್ಯಾಯದಲ್ಲಿ ಎಲ್ಲವೂ ಎಲ್ಲರದಾದರೆ ಈ ಹೊಲ ನನ್ನದೆನ್ನುವುದು ಹೇಗೆ? ಎಲ್ಲರೂ ಸ್ವತಂತ್ರರಾದರೆ ದಾಸರಿರುವುದು ಹೇಗೆ? ಗ್ರೇಷಿಯನ್ನನ ವ್ಯಾಖ್ಯಾನಕಾರನಾದ ರುಫಿನಸ್ ಒಂದು ದಾರಿ ಹುಡುಕಿದ. ನಿಸರ್ಗನ್ಯಾಯದಲ್ಲಿ ವಿಧಿಗಳಿವೆ, ನಿಷೇಧಗಳಿವೆ, ಇವೆರಡೂ ಅಲ್ಲದ ಸೂಚನೆಗಳೂ ಇವೆ. ವಿಧಿನಿಷೇಧಗಳನ್ನು ಯಾರೂ ಮೀರುವಂತಿಲ್ಲ. ಸೂಚನೆಗಳು ಒಳಿತು ಯಾವುದೆಂದು ತೋರಿಸುತ್ತವೆಯೇ ಹೊರತು ಕಟ್ಟಿಹಾಕುವುದಿಲ್ಲ. ಎಲ್ಲರ ಸ್ವಾತಂತ್ರ್ಯವೂ ಎಲ್ಲದರ ಸಮಾನ ಒಡೆತನವೂ ಸೂಚನೆಗಳ ಸಾಲಿಗೆ ಸೇರಿದವು. ತರ್ಕದ ಗಂಟು ಬಿಚ್ಚಿತು. ದಾಸನ ಸರಪಳಿ ಬಿಚ್ಚಲಿಲ್ಲ.

ಥಾಮಸ್ ಅಕ್ವಿನಾಸ್ 13ನೆಯ ಶತಮಾನದಲ್ಲಿ ಈ ಚರ್ಚೆಗೆ ಹೆಚ್ಚು ಗಟ್ಟಿಯಾದ ತಳಹದಿ ಹಾಕಿದ. ಒಳಿತನ್ನು ಮಾಡಬೇಕು, ಕೆಡುಕನ್ನು ಬಿಡಬೇಕು ಎಂಬುದು ಮನುಷ್ಯವಿವೇಕದ ಮೊದಲ ಸೂತ್ರ. ಅದರಿಂದ ನಿಗಮನದಂತೆ ನೇರವಾಗಿ ಹೊರಡುವವು ಜನಾಂಗನ್ಯಾಯಕ್ಕೆ ಸೇರುತ್ತವೆ. ಕ್ರಯವಿಕ್ರಯದ ನ್ಯಾಯ ಅಂತಹುದು, ಏಕೆಂದರೆ ಅದಿಲ್ಲದೆ ಮನುಷ್ಯರು ಕೂಡಿ ಬಾಳಲಾರರು. ಹಲವು ರೀತಿಗಳಲ್ಲಿ ಇರಬಹುದಾದದ್ದನ್ನು ಇದೇ ರೀತಿ ಇರಲೆಂದು ಒಂದು ನಾಡು ಗೊತ್ತುಮಾಡಿದರೆ ಅದು ಪೌರನ್ಯಾಯ. ಮನೆ ಎಂದ ಮೇಲೆ ಗೋಡೆ, ಬಾಗಿಲು ಬೇಕೇ ಬೇಕು. ಬಾಗಿಲು ಯಾವ ದಿಕ್ಕಿಗಿರಬೇಕೆಂಬುದನ್ನು ಕಟ್ಟಿಸುವವನು ತೀರ್ಮಾನಿಸುತ್ತಾನೆ ಎಂದರೆ ಈ ಭೇದ ನಮಗೆ ಅರ್ಥವಾದೀತು.

ಆಸ್ತಿಯ ವಿಷಯದಲ್ಲಿ ಅಕ್ವಿನಾಸನ ವಾದ ನೆನಪಿಡತಕ್ಕದ್ದು. ಒಂದು ಹೊಲವನ್ನು ಹೊಲವಾಗಿ ಮಾತ್ರ ನೋಡಿದರೆ ಅದು ಇವನದೇ ಆಗಬೇಕು, ಅವನದಾಗಬಾರದು ಎನ್ನಲು ಕಾರಣವಿಲ್ಲ. ಆದರೆ ಉತ್ತು ಬಿತ್ತುವ ಶ್ರಮವನ್ನೂ ಜಗಳವಿಲ್ಲದ ಅನುಭೋಗವನ್ನೂ ಗಣನೆಗೆ ತಂದಾಗ ಅದು ಒಬ್ಬನ ವಶದಲ್ಲಿರುವುದು ಯುಕ್ತವಾಗುತ್ತದೆ. ಎಂದರೆ, ಎಲ್ಲೆಕಲ್ಲಿಗೆ ಗೌರವ ಬಂದದ್ದು ಅದು ತರುವ ಒಳಿತಿನಿಂದ. ಆ ಒಳಿತೇ ಕೆಟ್ಟಾಗ ಏನು? ಹಸಿವಿನಿಂದ ಸಾಯುವ ಸ್ಥಿತಿಯಲ್ಲಿರುವವನು, ಬೇರೆ ದಾರಿ ಕಾಣದೆ, ಇನ್ನೊಬ್ಬನ ಧಾನ್ಯವನ್ನು ಬಹಿರಂಗವಾಗಿಯೋ ಗುಟ್ಟಾಗಿಯೋ ತೆಗೆದುಕೊಂಡರೆ ಅದು ಕಳವೇ ಅಲ್ಲವೆಂದು ಅಕ್ವಿನಾಸ್ ಸ್ಪಷ್ಟವಾಗಿ ಬರೆದ. ಅಂತಹ ಗಳಿಗೆಯಲ್ಲಿ ಎಲ್ಲವೂ ಮತ್ತೆ ಎಲ್ಲರದಾಗುತ್ತದೆ. ಕೆಳಗೆ ಹರಿಯುವ ನಿಸರ್ಗನ್ಯಾಯದ ನೀರು ಬರಗಾಲದಲ್ಲಿ ಮೇಲಕ್ಕೆ ಚಿಮ್ಮಿ ಎಲ್ಲೆಕಲ್ಲನ್ನು ಮುಳುಗಿಸುತ್ತದೆ.

ಇಷ್ಟು ದೂರ ನಡೆದ ಅಕ್ವಿನಾಸ್ ದಾಸ್ಯದ ಮುಂದೆ ನಿಂತುಬಿಟ್ಟ. ದಾಸ್ಯವನ್ನು ಪ್ರಕೃತಿ ತಂದದ್ದಲ್ಲ, ಇಂಥವನೇ ದಾಸನಾಗಬೇಕೆನ್ನಲು ನಿಸರ್ಗದಲ್ಲಿ ಕಾರಣವಿಲ್ಲ ಎಂದು ಒಪ್ಪಿದ. ಆದರೂ ಹೆಚ್ಚು ತಿಳಿದವನ ಆಳ್ವಿಕೆಯಲ್ಲಿ ಇರುವುದು ದಾಸನಿಗೂ, ಅವನ ನೆರವು ಒಡೆಯನಿಗೂ ಉಪಯುಕ್ತವೆಂದು ಹೇಳಿ, ಮನುಷ್ಯವಿವೇಕವು ಜೀವನದ ಪ್ರಯೋಜನಕ್ಕಾಗಿ ಮಾಡಿಕೊಂಡ ಏರ್ಪಾಡುಗಳಲ್ಲಿ ಅದನ್ನೂ ಸೇರಿಸಿದ. ಹಸಿದವನ ಪಾಲಿಗೆ ತೆರೆದ ಬಾಗಿಲು ಕಟ್ಟುಬಿದ್ದವನ ಪಾಲಿಗೆ ತೆರೆಯಲಿಲ್ಲ. ವಿಚಿತ್ರವೆಂದರೆ ರೂಢಿ ಮನುಷ್ಯನ ಕಣ್ಣು ಕಟ್ಟುತ್ತದೆಂಬುದನ್ನು ಅವನು ಬಲ್ಲವನೇ ಆಗಿದ್ದ. ಹಳೆಯ ಜರ್ಮನ್ ಪಂಗಡಗಳು ದರೋಡೆಯನ್ನು ತಪ್ಪೆಂದು ಎಣಿಸುತ್ತಿರಲಿಲ್ಲ ಎಂಬ ಜೂಲಿಯಸ್ ಸೀಸರನ ಬರಹವನ್ನು ಅವನೇ ಉದಾಹರಿಸಿ, ಕೆಟ್ಟ ಬಳಕೆಯಿಂದ ನಿಸರ್ಗನ್ಯಾಯದ ಅರಿವು ಮಸುಕಾಗಬಲ್ಲದೆಂದು ವಿವರಿಸಿದ್ದಾನೆ. ಬೇರೆಯವರ ರೂಢಿಯಲ್ಲಿ ಕಂಡ ಮಸುಕು ತಮ್ಮವರ ರೂಢಿಯಲ್ಲಿ ಕಾಣಲಿಲ್ಲ.

ಇದೇ ಕಾಲಕ್ಕೆ ಇನ್ನೊಂದು ಪ್ರಶ್ನೆ ರಾಜಕೀಯದ ಬಿಸಿಯಿಂದ ಮೇಲೆದ್ದಿತು. ನಮ್ಮ ಮತದವರಲ್ಲದವರಿಗೆ, ನಮ್ಮ ಶಾಸ್ತ್ರವನ್ನು ಅರಿಯದವರಿಗೆ ಒಡೆತನದ ಹಕ್ಕು ಉಂಟೆ? ನ್ಯಾಯಶಾಸ್ತ್ರಜ್ಞನಾಗಿದ್ದು 1243ರಲ್ಲಿ ಪೋಪನಾದ ನಾಲ್ಕನೆಯ ಇನ್ನೊಸೆಂಟ್ ಉಂಟೆಂದ. ಆಸ್ತಿ, ಅಧಿಕಾರಗಳು ವಿವೇಕವುಳ್ಳ ಎಲ್ಲ ಜೀವಿಗಳಿಗಾಗಿ ಆದವು. ಅನ್ಯಮತದವರು ಅನ್ಯಮತದವರೆಂಬ ಕಾರಣಕ್ಕೆ ಅವನ್ನು ಕಸಿದುಕೊಳ್ಳಲಾಗದು. ಅವನ ಶಿಷ್ಯಪರಂಪರೆಯಲ್ಲಿಯೇ ಬಂದ ಹೊಸ್ಟಿಯೆನ್ಸಿಸ್ ಎಂಬ ಕಾರ್ಡಿನಲ್ ಇದಕ್ಕೆ ನೇರ ವಿರೋಧ: ಕ್ರಿಸ್ತನ ಆಗಮನದೊಡನೆ ಒಡೆತನವೆಲ್ಲ ವಿಶ್ವಾಸಿಗಳಿಗೆ ವರ್ಗವಾಯಿತು. ಮುಂದಿನ ಮುನ್ನೂರು ವರ್ಷಗಳ ಯುರೋಪಿನ ವಾಗ್ವಾದವೆಲ್ಲ ಈ ಇಬ್ಬರ ನಡುವಣ ಹಗ್ಗದ ಎಳೆದಾಟವೆಂದರೂ ಸಲ್ಲುತ್ತದೆ. 1414ರಿಂದ 1418ರ ವರೆಗೆ ಕಾನ್ಸ್ಟನ್ಸ್ ನಗರದಲ್ಲಿ ಸೇರಿದ್ದ ಚರ್ಚಿನ ಮಹಾಸಭೆಯಲ್ಲಿ ಕ್ರಾಕೋವ್ ವಿದ್ಯಾಪೀಠದ ಪಾವೆಲ್ ವ್ಲೊಡ್ಕೊವಿಟ್ಸ್, ಟ್ಯೂಟಾನಿಕ್ ಯೋಧಸಂಘದ ದಂಡಯಾತ್ರೆಗಳ ವಿರುದ್ಧ ಇನ್ನೊಸೆಂಟನ ವಾದವನ್ನೇ ಹಿಡಿದು ನಿಂತ. ಶಾಂತಿಯಿಂದ ಬಾಳುವ ಅನ್ಯಮತದವರ ನೆಲವನ್ನು ಮತದ ಹೆಸರಿನಲ್ಲಿ ಕಿತ್ತುಕೊಳ್ಳುವುದು ನ್ಯಾಯವಲ್ಲವೆಂದು ಸಾರಿದ.

ಇಲ್ಲಿ ಒಂದು ಗಳಿಗೆ ನಮ್ಮ ಕಡೆಗೆ ತಿರುಗುವುದು ಅನುಚಿತವಾಗದು. ಗ್ರೇಷಿಯನ್ ಬೊಲೋನ್ಯದಲ್ಲಿ ಗ್ರಂಥ ರಚಿಸುವುದಕ್ಕೆ ಕೆಲವು ದಶಕಗಳ ಮೊದಲೋ ಏನೋ, ನಮ್ಮ ಸೀಮೆಗೆ ನೆರೆಯದೇ ಆದ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ. ದಾಯಭಾಗದ ಪ್ರಕರಣದಲ್ಲಿ ಅವನು ಎತ್ತುವ ಪ್ರಶ್ನೆ ಇದು: ಸ್ವತ್ವ, ಎಂದರೆ ಒಡೆತನ, ಶಾಸ್ತ್ರದಿಂದ ಮಾತ್ರ ತಿಳಿಯುವಂತಹುದೋ, ಲೋಕಸಿದ್ಧವೋ? ಲೋಕಸಿದ್ಧವೇ ಎಂಬುದು ಅವನ ಸಿದ್ಧಾಂತ. ಅದಕ್ಕೆ ಕೊಡುವ ಕಾರಣಗಳಲ್ಲಿ ಒಂದು ನಮ್ಮನ್ನು ತಡೆದು ನಿಲ್ಲಿಸುತ್ತದೆ. ಶಾಸ್ತ್ರವ್ಯವಹಾರವನ್ನೇ ಕಾಣದ ಪ್ರತ್ಯಂತವಾಸಿಗಳಲ್ಲಿಯೂ ಕೊಳ್ಳುವುದು ಮಾರುವುದು ನಡೆಯುತ್ತದೆ. ಆದುದರಿಂದ ಒಡೆತನದ ಅರಿವು ಅವರಲ್ಲಿಯೂ ಇದೆ ಎಂದು ಅವನ ಯುಕ್ತಿ. ಪ್ರತ್ಯಂತವಾಸಿಗಳೆಂದರೆ ಗಡಿಯಂಚಿನಲ್ಲಿ ಬಾಳುವವರು.

ಕಲ್ಯಾಣದ ಪಂಡಿತನಿಗೂ ಯುರೋಪಿನ ಪಂಡಿತರಿಗೂ ಪರಸ್ಪರ ಪರಿಚಯವಿರಲಿಲ್ಲ. ಅವರ ಉದ್ದೇಶಗಳೂ ಬೇರೆ. ವಿಜ್ಞಾನೇಶ್ವರನ ಕಣ್ಣಿದ್ದದ್ದು ಪಿತ್ರಾರ್ಜಿತ ಆಸ್ತಿಯಲ್ಲಿ ಮಗನ ಹಕ್ಕಿನ ಮೇಲೆ. ಇನ್ನೊಸೆಂಟನ ಕಣ್ಣಿದ್ದದ್ದು ಧರ್ಮಯುದ್ಧಗಳ ಮೇಲೆ. ಆದರೂ ಇಬ್ಬರೂ ಒಂದೇ ಕಡೆಗೆ ಬಂದು ನಿಂತರು. ತಮ್ಮ ಶಾಸ್ತ್ರದ ಬೆಳಕು ತಲುಪದ ಕಡೆಯಲ್ಲಿಯೂ ನನ್ನದು, ನಿನ್ನದು ಎಂಬ ನ್ಯಾಯವಿದೆ. ಅದನ್ನು ತಾವು ಕೊಟ್ಟದ್ದಲ್ಲ. ಆದುದರಿಂದ ಹಿಂದಕ್ಕೆ ಪಡೆಯುವ ಅಧಿಕಾರವೂ ತಮಗಿಲ್ಲ. ನಿಸರ್ಗನ್ಯಾಯದ ವಿಚಾರದಲ್ಲಿ ಇದಕ್ಕಿಂತ ದೊಡ್ಡ ಮಾತಿಲ್ಲವೆಂದು ನಾವು ತಿಳಿಯುತ್ತೇವೆ.

ಈ ಮಾತಿಗೆ ಅತಿ ಕಠಿಣವಾದ ಪರೀಕ್ಷೆ ಬಂದದ್ದು 16ನೆಯ ಶತಮಾನದಲ್ಲಿ. ಸ್ಪೇನಿನ ದಂಡುಗಳು ಅಮೆರಿಕದ ರಾಜ್ಯಗಳನ್ನು ಒಂದೊಂದಾಗಿ ಉರುಳಿಸುತ್ತಿದ್ದವು. ಸಾಲಮಾಂಕ ವಿದ್ಯಾಪೀಠದ ಪ್ರಾಧ್ಯಾಪಕ ಫ್ರಾನ್ಸಿಸ್ಕೊ ದೆ ವಿತೋರಿಯ ಮಧ್ಯಯುಗದ ಈ ಪರಂಪರೆಯ ಉತ್ತರಾಧಿಕಾರಿ. ಪೆರುವಿನಿಂದ ಬಂದ ಸುದ್ದಿಗಳು ಅವನನ್ನು ತಲ್ಲಣಗೊಳಿಸಿದ್ದವೆಂಬುದು 1534ರ ಅವನ ಪತ್ರವೊಂದರಿಂದ ತಿಳಿಯುತ್ತದೆ. 1539ರ ತನ್ನ ಪ್ರಸಿದ್ಧ ಉಪನ್ಯಾಸದಲ್ಲಿ ಆತ ಸ್ಪೇನಿನ ಹಕ್ಕುಬಾಧ್ಯತೆಗಳನ್ನು ಒಂದೊಂದಾಗಿ ತೂಗಿದ. ಅಲ್ಲಿಯ ಮೂಲನಿವಾಸಿಗಳು ಸ್ಪೇನಿನವರು ಬರುವ ಮೊದಲು ತಮ್ಮ ನೆಲಕ್ಕೆ ನಿಜವಾದ ಒಡೆಯರಾಗಿದ್ದರು. ಚಕ್ರವರ್ತಿ ಜಗತ್ತಿಗೆಲ್ಲ ಒಡೆಯನಲ್ಲ. ಪೋಪನೂ ಲೌಕಿಕ ವಿಷಯಗಳಲ್ಲಿ ಜಗತ್ತಿಗೆಲ್ಲ ಒಡೆಯನಲ್ಲ. ಕ್ರೈಸ್ತಮತವನ್ನು ಒಪ್ಪಲಿಲ್ಲವೆಂಬುದು ಯುದ್ಧಕ್ಕೆ ಕಾರಣವಾಗದು. ಅದೇ ವರ್ಷದ ನವೆಂಬರಿನಲ್ಲಿ ಚಕ್ರವರ್ತಿ ಐದನೆಯ ಚಾರ್ಲ್ಸ್, ಆ ಮಠದ ಮುಖ್ಯಸ್ಥನಿಗೆ ಪತ್ರ ಬರೆದು ಇಂತಹ ಚರ್ಚೆಗಳನ್ನು ನಿಲ್ಲಿಸುವಂತೆ ಆಜ್ಞಾಪಿಸಿದ. ಪಂಡಿತರ ಮಾತು ಯಾರಿಗೆ ನಾಟಬೇಕೋ ಅವರಿಗೆ ನಾಟಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ವಿತೋರಿಯ ಒಂದು ಬಾಗಿಲನ್ನು ಮುಚ್ಚಿ ಇನ್ನೊಂದನ್ನು ತೆರೆದ. ಜನಾಂಗನ್ಯಾಯದಂತೆ ಯಾರು ಯಾವ ನಾಡಿಗಾದರೂ ಹೋಗಿ, ಕೇಡು ಮಾಡದೆ, ಅಲ್ಲಿ ಇರಬಹುದು, ವ್ಯಾಪಾರ ಮಾಡಬಹುದು; ಅತಿಥಿಯನ್ನು ಅಟ್ಟುವುದು ಎಲ್ಲ ಜನಾಂಗಗಳಲ್ಲೂ ನಿಂದ್ಯ. ಇದನ್ನು ತಡೆದು ಬಲ ಪ್ರಯೋಗಿಸಿದರೆ, ವಿವರಿಸಿ ಹೇಳಿದರೂ ಕೇಳದಿದ್ದರೆ, ಸ್ಪೇನಿನವರು ಆತ್ಮರಕ್ಷಣೆಗೆ ಯುದ್ಧ ಮಾಡಬಹುದು. ಕೇಳಲು ಎಷ್ಟು ಸೊಗಸಾದ ನಿಯಮ! ಆದರೆ ಅಮೆರಿಕದ ಯಾವ ದೋಣಿಯೂ ಸೆವಿಲ್ಲಿನ ಬಂದರಿಗೆ ಬಂದು ಇದೇ ಹಕ್ಕನ್ನು ಕೇಳುವ ಸ್ಥಿತಿ ಇರಲಿಲ್ಲ. ಇಬ್ಬರಿಗೂ ಸಮಾನವೆಂದು ಬರೆದ ನಿಯಮ ಹಡಗೂ ತೋಪೂ ಇದ್ದವನ ಕೈಗೆ ಮಾತ್ರ ಆಯುಧವಾಯಿತು. ಈ ಆಯುಧ ನಮ್ಮ ಸಮುದ್ರಕ್ಕೂ ಬಂದಿತು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರು ಪೂರ್ವದ ವ್ಯಾಪಾರವೆಲ್ಲ ತಮ್ಮದೆಂದು ಸಾಧಿಸುತ್ತಿದ್ದಾಗ, 1609ರಲ್ಲಿ ಹಾಲೆಂಡಿನ ಹ್ಯೂಗೊ ಗ್ರೋಷಿಯಸ್ ಸಮುದ್ರ ಎಲ್ಲರದೆಂದು ಪುಸ್ತಕ ಪ್ರಕಟಿಸಿದ. ಪೂರ್ವದೇಶದ ಜನರಿಗೆ ಅವರದೇ ರಾಜರೂ ಆಸ್ತಿಹಕ್ಕುಗಳೂ ಇವೆಯೆಂದು ವಿತೋರಿಯನನ್ನು ಆಧರಿಸಿ ವಾದಿಸಿದ. ಮಾತು ನಿಜ; ಆದರೆ ಆ ವಾದ ಹುಟ್ಟಿದ್ದು ಡಚ್ಚರ ಈಸ್ಟ್ ಇಂಡಿಯಾ ಕಂಪನಿಯ ಪಕ್ಷವನ್ನು ಸಮರ್ಥಿಸಲು.

ದಾಸ್ಯದ ವಿಷಯದಲ್ಲಿ ವಿತೋರಿಯನ ಸೋಲು ಇನ್ನೂ ನೋವಿನದು. ಪೋರ್ಚುಗೀಸರು ಆಫ್ರಿಕದಿಂದ ತಂದು ಮಾರುತ್ತಿದ್ದ ಮನುಷ್ಯರನ್ನು ಕೊಳ್ಳಬಹುದೇ ಎಂದು ಅವನ ಪಂಥದವನೊಬ್ಬ ಕೇಳಿದಾಗ ಆತ ಪತ್ರದಲ್ಲಿ ಉತ್ತರಿಸಿದ. ಮೋಸದಿಂದ ಹಿಡಿದು ತಂದರೆ ಅದು ತಪ್ಪೇ. ಆದರೆ ಅಂತಹುದು ಸಾಮಾನ್ಯವಾಗಿ ನಡೆಯುತ್ತದೆಂದು ಅವನು ನಂಬಲಿಲ್ಲ. ಆಫ್ರಿಕದವರು ತಮ್ಮತಮ್ಮೊಳಗೆ ಮಾಡಿದ ಯುದ್ಧಗಳು ನ್ಯಾಯವಾದವೋ ಅಲ್ಲವೋ ಎಂದು ಕೊಳ್ಳುವವನು ವಿಚಾರಿಸಬೇಕಾಗಿಲ್ಲ. ಮಾರಾಟಕ್ಕೆ ಬಂದವನು ದಾಸನಾಗಿದ್ದಾನೆ, ಅಷ್ಟು ಸಾಕು. ಚಕ್ರವರ್ತಿಯ ಹಕ್ಕನ್ನು ಎಳೆಎಳೆಯಾಗಿ ವಿಚಾರಿಸಿದ ಅದೇ ಬುದ್ಧಿ ಸಂತೆಯಲ್ಲಿ ನಿಂತ ಮನುಷ್ಯನ ವಿಷಯದಲ್ಲಿ ವಿಚಾರಣೆ ಬೇಡವೆಂದಿತು. ಅಮೆರಿಕದ ಮೂಲನಿವಾಸಿಗಳಿಗಾಗಿ ಜೀವಮಾನವೆಲ್ಲ ಹೋರಾಡಿದ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಕೂಡ, ಮೊದಲು ಅವರ ಬದಲಿಗೆ ಆಫ್ರಿಕದ ದಾಸರನ್ನು ತರಿಸಬಹುದೆಂದು ಸಲಹೆ ಕೊಟ್ಟವನೇ. ಅವನ ಹಿರಿಮೆ ಇರುವುದು ಮುಂದಿನ ಹೆಜ್ಜೆಯಲ್ಲಿ. ಆಫ್ರಿಕದವರನ್ನು ಹಿಡಿದದ್ದೂ ಅಷ್ಟೇ ಅನ್ಯಾಯವಾಗಿ ಎಂದು ಅರಿತಾಗ, ತನ್ನ ಸಲಹೆಗಾಗಿ ಪಶ್ಚಾತ್ತಾಪಪಟ್ಟು ಅದನ್ನು ತನ್ನ ಇತಿಹಾಸಗ್ರಂಥದಲ್ಲಿಯೇ ಬರೆದಿಟ್ಟ.

ಪಂಡಿತರು ಎಡವಿದ್ದೆಲ್ಲಿ? ಅವರಿಗೆ ಬುದ್ಧಿ ಕಡಿಮೆಯಿತ್ತೆನ್ನುವುದು ಹುಡುಗಾಟ. ದಯೆ ಇರಲಿಲ್ಲವೆನ್ನುವುದೂ ಸಲ್ಲದು. ಎಲ್ಲರೂ ಮಾಡುವುದಕ್ಕೂ ಎಲ್ಲರಿಗೂ ಸಲ್ಲುವುದಕ್ಕೂ ಇರುವ ಅಂತರವನ್ನು ಕಂಡುಹಿಡಿದವರೇ ಅವರು. ಆದರೆ ಆ ಅಂತರವನ್ನು ಅಳೆಯುವ ಕೋಲನ್ನು ಪರರ ರೂಢಿಗೆ, ಅರಸರ ರೂಢಿಗೆ, ಹಿಂದಿನವರ ರೂಢಿಗೆ ಹಿಡಿದರು. ತಾವು ಕುಳಿತ ಚಾಪೆಯ ಕೆಳಗಿನ ರೂಢಿಗೆ ಹಿಡಿಯಲಿಲ್ಲ. ಎಲ್ಲ ನಾಡುಗಳಲ್ಲೂ ಇರುವುದು ತಪ್ಪಾಗಿರಲು ಸಾಧ್ಯವೇ ಎಂಬ ಸಂಕೋಚ ಅವರ ಕೈ ಕಟ್ಟಿತು.

ಆ ಕಟ್ಟನ್ನು ತತ್ತ್ವದ ಮಟ್ಟದಲ್ಲಾದರೂ ಸಡಿಲಿಸಿದವನು ಫ್ರಾನ್ಸಿಸ್ಕೊ ಸುವಾರೆಸ್. 1612ರಲ್ಲಿ ಪ್ರಕಟವಾದ ತನ್ನ ನ್ಯಾಯಗ್ರಂಥದಲ್ಲಿ ಆತ ಜನಾಂಗನ್ಯಾಯವನ್ನು ನಿಸರ್ಗನ್ಯಾಯದಿಂದ ಖಚಿತವಾಗಿ ಬೇರ್ಪಡಿಸಿದ. ಅದು ಹೆಚ್ಚುಕಡಿಮೆ ಎಲ್ಲ ಜನಾಂಗಗಳ ಬಳಕೆಯಿಂದ ಬೆಳೆದದ್ದು. ಬರೆಯದಿದ್ದರೂ ಮನುಷ್ಯರೇ ಮಾಡಿದ್ದು. ಮನುಷ್ಯರು ಮಾಡಿದ್ದಾದುದರಿಂದ ಮನುಷ್ಯರು ಬದಲಿಸಬಹುದಾದದ್ದು. ಯುದ್ಧದಲ್ಲಿ ಸೆರೆಸಿಕ್ಕವರನ್ನು ದಾಸರನ್ನಾಗಿ ಮಾಡುವ ಬಳಕೆಯನ್ನು ಕ್ರೈಸ್ತ ರಾಜ್ಯಗಳು ತಮ್ಮತಮ್ಮೊಳಗೆ ಕೈಬಿಟ್ಟದ್ದು ಅವನಿಗೆ ಉದಾಹರಣೆ. ಸುವಾರೆಸನೂ ದಾಸ್ಯವನ್ನು ಪೂರ್ತಿಯಾಗಿ ತಳ್ಳಿಹಾಕಲಿಲ್ಲ. ಆದರೆ ಬದಲಿಸಬಹುದು ಎಂಬ ಒಂದು ಪದ ಹೊರಬಿದ್ದ ಮೇಲೆ ದಾಸ್ಯಕ್ಕೆ ಇದ್ದ ಅತಿ ಹಳೆಯ ಆಸರೆ ಅಲುಗಾಡಿತು. ಎಲ್ಲರೂ ಮಾಡುತ್ತಾರೆ ಎಂಬ ಮಾತು ಇನ್ನು ಮುಂದೆ ನೆವವಾಗಿ ಉಳಿಯಬಹುದಿತ್ತೇ ಹೊರತು ಪ್ರಮಾಣವಾಗಿ ನಿಲ್ಲುವಂತಿರಲಿಲ್ಲ.

ಈ ಕೋಲನ್ನು ನಾವು ನಮ್ಮ ಚಾಪೆಯ ಕೆಳಗೂ ಹಿಡಿದು ನೋಡದಿದ್ದರೆ ಇಷ್ಟು ದೂರದ ಕಥೆಯನ್ನು ಇಲ್ಲಿ ಹೇಳಿ ಫಲವಿಲ್ಲ. ಅಸ್ಪೃಶ್ಯತೆ ಯಾವ ಊರಿನಲ್ಲಿ ಇರಲಿಲ್ಲ? ಗೆರೆಯ ಆಚೆಗೂ ಇತ್ತು, ಈಚೆಗೂ ಇತ್ತು. ಕನ್ನಡದ ಕೇರಿಯಲ್ಲೂ ಇತ್ತು, ಮರಾಠಿಯ ವಾಡೆಯಲ್ಲೂ ಇತ್ತು. ರೋಮನ್ನರ ಲಕ್ಷಣದಂತೆ ಅದೂ ಒಂದು ಜನಾಂಗನ್ಯಾಯವೇ ಆಗಿತ್ತು. ಸಂವಿಧಾನದ 17ನೆಯ ವಿಧಿ ಅದನ್ನು ರದ್ದುಗೊಳಿಸಿದಾಗ, ಎಲ್ಲ ಊರಿನ ರೂಢಿಗಿಂತ ಮನುಷ್ಯನ ಸಹಜವಾದ ಘನತೆ ಹಿರಿದೆಂಬ ಗ್ರೇಷಿಯನ್ನನ ತೀರ್ಮಾನವೇ ಗೆದ್ದಿತೆನ್ನಬಹುದು. ಆ ಗೆಲುವು ಕಾಗದದಿಂದ ಕೆರೆಯ ಮೆಟ್ಟಿಲಿಗೆ, ಗುಡಿಯ ಹೊಸ್ತಿಲಿಗೆ ಎಷ್ಟು ಇಳಿದಿದೆಯೆಂಬುದನ್ನು ಪ್ರತಿಯೊಬ್ಬರೂ ತಮ್ಮ ತಮ್ಮ ಊರಿನಲ್ಲಿ ಕೇಳಿಕೊಳ್ಳಬೇಕು.

ಭಾಷೆಯ ಮಾತಿಗೆ ಬರೋಣ. ಈ ಸಂಘ ಕೂಡಿರುವುದೇ ಅದಕ್ಕಾಗಿ. 1956ರಲ್ಲಿ ರಾಜ್ಯಗಳ ಮರುವಿಂಗಡಣೆಗೆ ಹೊಂದಿಸಿ ಸಂವಿಧಾನಕ್ಕೆ 7ನೆಯ ತಿದ್ದುಪಡಿಯನ್ನು ಮಾಡಲಾಯಿತು. ಹೊಸ ಗಡಿಗಳಿಗೆ ಎಡೆಮಾಡಿದ ಆ ತಿದ್ದುಪಡಿಯೇ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಲು ಪ್ರಯತ್ನಿಸಬೇಕೆಂಬ 350ಎ ವಿಧಿಯನ್ನೂ ಸೇರಿಸಿತು. ಎಲ್ಲೆಕಲ್ಲು ನೆಟ್ಟ ಕೈಯೇ, ಎಲ್ಲೆಕಲ್ಲಿಗೆ ಒಳಪಡದ ಒಂದು ವಸ್ತುವಿದೆಯೆಂದು ಒಪ್ಪಿ ಬರೆದುಕೊಟ್ಟಿತು. ಕಚೇರಿಯ ಭಾಷೆ ಯಾವುದಿರಬೇಕೆಂಬುದು ಬಾಗಿಲಿನ ದಿಕ್ಕಿನ ಪ್ರಶ್ನೆ. ಅದನ್ನು ಆಯಾ ನಾಡು ಗೊತ್ತುಮಾಡಿಕೊಳ್ಳುತ್ತದೆ, ನಾವೂ ಗೌರವಿಸುತ್ತೇವೆ. ಆದರೆ ಮಗು ತಾಯಿಯ ಮಾತಿನಲ್ಲಿ ಲೋಕವನ್ನು ಅರಿಯತೊಡಗುವುದನ್ನು ಯಾವ ರಾಜ್ಯವೂ ಕೊಟ್ಟದ್ದಲ್ಲ. ಯಾವ ರಾಜ್ಯವೂ ಹಿಂದಕ್ಕೆ ಪಡೆಯಲಾಗದು. ನಮ್ಮ ಬೇಡಿಕೆ ಕೃಪೆಗಾಗಿ ಅಲ್ಲ, ನ್ಯಾಯಕ್ಕಾಗಿ ಎಂದು ನಾವು ತಲೆಯೆತ್ತಿ ಹೇಳುವುದು ಈ ಆಧಾರದ ಮೇಲೆಯೇ.

ಹಾಗೆ ಹೇಳಿದ ಮರುಗಳಿಗೆಯೇ ಒಂದು ಪ್ರಶ್ನೆ ನಮ್ಮ ಕಡೆಗೂ ತಿರುಗುತ್ತದೆ. ನಮ್ಮ ಕನ್ನಡ ಶಾಲೆಯ ಹಿಂದಿನ ಬೆಂಚಿನಲ್ಲಿ ತಾಂಡಾದಿಂದ ಬಂದ ಮಗುವೊಂದು ಕುಳಿತಿರುತ್ತದೆ. ಅದರ ಮನೆಯ ಮಾತು ಲಂಬಾಣಿ. ದೊಡ್ಡ ಭಾಷೆಯ ನೆರಳಿನಲ್ಲಿ ನಮ್ಮ ಮಕ್ಕಳು ಬಾಡಬಾರದೆನ್ನುವ ನಾವು, ನಮ್ಮ ನೆರಳಿನಲ್ಲಿ ಯಾರು ಬಾಡುತ್ತಿದ್ದಾರೆಂದು ನೋಡಿದ್ದೇವೆಯೆ? ಬೇರೆ ಬೇರೆ ಗಡಿಸೀಮೆಗಳಲ್ಲಿ ತುಳು, ಬ್ಯಾರಿ, ಬಡಗ, ಸೋಲಿಗ, ಇರುಳ ನುಡಿಗಳ ಮಕ್ಕಳ ವಿಷಯದಲ್ಲಿಯೂ ಇದೇ ಪ್ರಶ್ನೆ ಏಳುತ್ತದೆ. ಎಲ್ಲ ಶಾಲೆಗಳಲ್ಲೂ ಹೀಗೆಯೇ ನಡೆಯುವುದು ಎಂದು ಉತ್ತರ ಕೊಟ್ಟರೆ, ನಾವೂ ಸಾಲಮಾಂಕದ ಪಂಡಿತನ ಪತ್ರಕ್ಕೆ ಕೆಳಗೆ ಸಹಿ ಹಾಕಿದಂತೆ. ನಮಗೆ ನಿಸರ್ಗನ್ಯಾಯ, ಪರರಿಗೆ ಜನಾಂಗನ್ಯಾಯ ಎಂಬ ಎರಡು ಅಳತೆಯ ಕೊಳಗವನ್ನು ಇಟ್ಟುಕೊಂಡು ಯಾರೂ ಬಹುಕಾಲ ನ್ಯಾಯ ಕೇಳಲಾರರು.

ಕಲ್ಯಾಣದಲ್ಲಿ ಕುಳಿತ ವ್ಯಾಖ್ಯಾನಕಾರನು ದೂರದ ಗಡಿವಾಸಿಗಳನ್ನು ಸಾಕ್ಷಿಗೆ ಕರೆದ. ನ್ಯಾಯದ ಬೇರು ಶ್ರೇಷ್ಠರ ಅಂಗಳದಲ್ಲಿ ಮಾತ್ರ ಇಲ್ಲವೆಂಬುದಕ್ಕೆ ಅವರ ಬಾಳೇ ಸಾಕ್ಷಿಯಾಗಿತ್ತು. ಕಾಲ ಉರುಳಿ, ಅವನ ನೆರೆಸೀಮೆಯವರಾದ ನಾವೇ ಇಂದು ಪ್ರತ್ಯಂತವಾಸಿಗಳಾಗಿದ್ದೇವೆ. ಗಡಿಯವರಾಗಿರುವುದು ಕೊರತೆಯೆಂದು ನಾವು ಆಗಾಗ ಮರುಗುವುದುಂಟು. ಆದರೆ ಗೆರೆ ಎಲ್ಲಿ ಮುಗಿಯುತ್ತದೆ, ಮನುಷ್ಯ ಎಲ್ಲಿ ಮೊದಲಾಗುತ್ತಾನೆ ಎಂಬುದನ್ನು ಗೆರೆಯ ಮೇಲೆ ಬಾಳುವವರಿಗಿಂತ ಚೆನ್ನಾಗಿ ಬಲ್ಲವರು ಯಾರು? ನಮ್ಮ ಮಗುವಿನ ಕನ್ನಡಕ್ಕೆ ಬೇಡುವ ನ್ಯಾಯವನ್ನು ಹಿಂದಿನ ಬೆಂಚಿನ ಆ ಮಗುವಿನ ಮಾತಿಗೂ ಸಲ್ಲಿಸಿದ ದಿನ, ನಮ್ಮ ಸಾಕ್ಷ್ಯಕ್ಕೆ ಬೆಲೆ ಬರುತ್ತದೆ.